ನಲ್ಲಿಯಿಂದ ಕೊಲ್ಲಿಯವರೆಗೆ: ಕೊಡಗಿನ ಒಂದು ಪಂಚಾಯಿತಿ ತನ್ನ ನೀರಿನ ಮೂಲ ಕಾಯಲು ಹೊರಟ ಪ್ರಕರಣ

2017ರ ಜನವರಿ. ಮಂಜು ಇನ್ನೂ ಕರಗಿರಲಿಲ್ಲ, ಅಂಗನವಾಡಿ ಕಾರ್ಯಕರ್ತೆಯ ಫೋನ್ ಬಂತು. "ಮೇಡಂ, ನಲ್ಲಿ ನೀರು ಹುಳಿ ವಾಸನೆ ಹೊಡೀತಿದೆ. ಹಾಲಿನ ಪುಡಿ ಕಲಸಿ ಕಾಯಿಸೋಕಿಟ್ರೆ ಒಡೆದೇಹೋಯ್ತು. ಮಕ್ಕಳಿಗೆ ಏನು ಕೊಡ್ಲಿ?"

ನಾನಾಗ ಮಡಿಕೇರಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ. ಊರಿನ ಹೆಸರೂ ತೋಟದವರ ಹೆಸರೂ ಇಲ್ಲಿ ಬೇಡ, ಆ ಜನ ಇಂದಿಗೂ ಅಲ್ಲೇ ಅಕ್ಕಪಕ್ಕ ಬಾಳುತ್ತಿದ್ದಾರೆ. ನಾನು ಟ್ಯಾಂಕಿನ ಹತ್ತಿರ ಹೋಗುವಷ್ಟರಲ್ಲಿ ನಮ್ಮ ವಾಟರ್‌ಮ್ಯಾನ್ ಅಣ್ಣ ಅಲ್ಲಿದ್ದರು. ಬೊಗಸೆಯಲ್ಲಿ ನೀರು ತೆಗೆದು ಮೂಸಿ ಚೆಲ್ಲಿದರು. "ಮೇಲೆ ಪಲ್ಪಿಂಗ್ ಶುರುವಾಗಿದೆ ಮೇಡಂ. ಪ್ರತಿ ವರ್ಷ ಇದ್ದದ್ದೇ." ಕಾಫಿ ಹಣ್ಣಿನ ಸಿಪ್ಪೆಯನ್ನು ನೀರು ಹಾಕಿ ಬಿಡಿಸುವುದು ಪಲ್ಪಿಂಗ್, ಆ ಯಂತ್ರ ಪಲ್ಪರ್.

ಪ್ರತಿ ವರ್ಷ ಇದ್ದದ್ದು ನಮ್ಮ ಕಚೇರಿಯ ಒಂದು ಕಡತದಲ್ಲೂ ಇರಲಿಲ್ಲ. ನೀರಿನ ಕರ ಬಾಕಿ ಯಾರದ್ದು, ಪೈಪ್ ಖರೀದಿ ಬಿಲ್ ಎಷ್ಟು, ಬ್ಲೀಚಿಂಗ್ ಪೌಡರ್ ಎಷ್ಟು ಚೀಲ ಬಂತು, ಎಲ್ಲಕ್ಕೂ ಲೆಕ್ಕವಿತ್ತು. ನೀರು ಕಟ್ಟೆಗೆ ಬಂದು ಸೇರುವ ಮೊದಲು ಹೇಗಿತ್ತು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಮರಳಿನ ಮೇಲಿನ ಪೊರೆ

ನಮ್ಮದು ಹಳೆಯ ಕಾಲದ ಸರಳ ವ್ಯವಸ್ಥೆ. ಬೆಟ್ಟದಿಂದ ಇಳಿಯುವ ಒಂದು ಕೊಲ್ಲಿಗೆ, ಅಂದರೆ ಸಣ್ಣ ತೊರೆಗೆ, ಅಡ್ಡ ಕಟ್ಟೆ, ಅಲ್ಲಿಂದ ಪೈಪಿನಲ್ಲಿ ತಾನಾಗಿ ಹರಿದು ಬರುವ ನೀರು, ಕೆಸರು ತಂಗಲು ಒಂದು ತೊಟ್ಟಿ, ನಂತರ ಎರಡು ನಿಧಾನ ಮರಳು ಶೋಧಕಗಳು, ಕೊನೆಗೆ ಬ್ಲೀಚಿಂಗ್ ಪೌಡರ್. ಕಟ್ಟೆ ದಾಟಿದ ನೀರು ಮುಂದೆ ಹಾರಂಗಿಗೆ ಸೇರುತ್ತದೆ, ಹಾರಂಗಿ ಕಾವೇರಿಗೆ.

ನಿಧಾನ ಮರಳು ಶೋಧಕದ ಬಗ್ಗೆ ಸ್ವಲ್ಪ ಹೇಳಲೇಬೇಕು, ಈ ಪ್ರಕರಣದ ಗುಟ್ಟೆಲ್ಲ ಅದರಲ್ಲೇ ಇದೆ. ಹೆಚ್ಚುಕಡಿಮೆ ಒಂದು ಮೀಟರ್ ದಪ್ಪದ ಮರಳಿನ ಹಾಸಿನ ಮೂಲಕ ನೀರು ಗಂಟೆಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟು ಮೆಲ್ಲಗೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಮರಳಿನ ಮೇಲೆ ಲೋಳೆಯಂಥ ತೆಳು ಪೊರೆ ಕಟ್ಟುತ್ತದೆ. ಪಾಚಿ, ಬ್ಯಾಕ್ಟೀರಿಯ, ಕಣ್ಣಿಗೆ ಕಾಣದ ಇನ್ನೆಷ್ಟೋ ಜೀವಿಗಳ ಪೊರೆ ಅದು. ರೋಗಾಣುಗಳನ್ನು ಹಿಡಿದು ತಿನ್ನುವುದು ಮುಖ್ಯವಾಗಿ ಅದೇ. ಕರೆಂಟ್ ಬೇಡ, ಆಲಂ (ಪಟಿಕ) ಬೇಡ, ಮೋಟಾರ್ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಅದು ಕೇಳುವುದು ಒಂದೇ: ಬರುವ ನೀರು ಚೆನ್ನಾಗಿರಬೇಕು. ಕದಡಿದ ನೀರು ಬಂದರೆ ಮರಳಿನ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಶೋಧಕ ಬರಿದು ಮಾಡಿ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಹೆರೆದು ತೆಗೆಯಬೇಕು, ಪೊರೆ ಮತ್ತೆ ಕಟ್ಟುವವರೆಗೆ ಆ ನೀರನ್ನು ನಂಬುವಂತಿಲ್ಲ. ಪಲ್ಪರ್ ನೀರಿನ ಹಾವಳಿ ಬೇರೆ ಬಗೆಯದು. ಕಾಫಿ ಹಣ್ಣಿನ ಸಿಪ್ಪೆ, ಬೀಜದ ಮೇಲಿನ ಲೋಳೆ, ಅದರ ಸಕ್ಕರೆ ಎಲ್ಲ ಕೊಳೆತು ಹುಳಿಯಾಗುತ್ತದೆ, ಕೊಳೆಯುತ್ತ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತದೆ. ಪೊರೆಗೂ ಉಸಿರು ಬೇಕು. ಮಣ್ಣು ಅದರ ಬಾಯಿ ಮುಚ್ಚಿದರೆ ಪಲ್ಪರ್ ನೀರು ಅದರ ಉಸಿರು ಕಟ್ಟಿಸುತ್ತದೆ. ಮೇಲಿಂದ ಹಾಕಿದ ಕ್ಲೋರಿನ್ ಕೂಡ ಆ ಕೊಳೆಯ ಜೊತೆಗೇ ಖರ್ಚಾಗಿ, ಕೊನೆಯ ಮನೆಯ ನಲ್ಲಿಯಲ್ಲಿ ಉಳಿಯಬೇಕಾದ ಲೀಟರಿಗೆ 0.2 ಮಿಲಿಗ್ರಾಂ ಉಳಿಯುವುದಿಲ್ಲ. ಕೊಡಗಿನ ತೇವಕ್ಕೆ ಬ್ಲೀಚಿಂಗ್ ಪೌಡರ್ ಬಾಯಿ ಬಿಚ್ಚಿದ ಚೀಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಅದೊಂದು ಬೇರೆ ತೊಂದರೆ.

ಅದೇ ವರ್ಷ ಒಂದು ಪ್ರಸ್ತಾವ ಬಂತು: ಆಲಂ ಹಾಕಿ ಕೆಸರು ಇಳಿಸುವ, ವೇಗವಾಗಿ ಸೋಸುವ ಹೊಸ ಘಟಕ. ಕಾಗದದ ಮೇಲೆ ಚೆನ್ನಾಗಿತ್ತು. ನಮ್ಮ ಘಟ್ಟದ ನೀರು ತೀರ ಮೆದು, ಕ್ಷಾರದ ಅಂಶ ಕಡಿಮೆ. ಇಂಥ ನೀರಿಗೆ ಬರೀ ಆಲಂ ಹಾಕಿದರೆ ನೀರು ಹುಳಿಯತ್ತ ತಿರುಗುತ್ತದೆ, ಆಲಂ ಸರಿಯಾಗಿ ಕೆಲಸ ಮಾಡುವುದಿಲ್ಲ, ಜೊತೆಗೆ ಸುಣ್ಣವೂ ಬೇಕು. ಎಷ್ಟು ಹಾಕಬೇಕೆಂದು ದಿನಾ ಪರೀಕ್ಷೆ ಮಾಡಬೇಕು. ಇರುವ ಒಬ್ಬ ವಾಟರ್‌ಮ್ಯಾನ್ ವಾಲ್ವ್ ತಿರುಗಿಸುತ್ತಾರೆಯೇ, ಪೈಪ್ ಕಟ್ಟುತ್ತಾರೆಯೇ, ಆಲಂ ತೂಗುತ್ತಾರೆಯೇ? ಸಭೆಯಲ್ಲಿ ವಯಸ್ಸಾದ ಸದಸ್ಯೆಯೊಬ್ಬರು ಕೇಳಿದ ಮಾತು ನಡಾವಳಿಯಲ್ಲಿದೆ: "ಮೇಲೆ ಹೊಲಸು ಮಾಡೋದನ್ನ ಬಿಟ್ಟು ಕೆಳಗೆ ತೊಳೆಯೋಕೆ ಯಾಕೆ ದುಡ್ಡು?"

ಕಟ್ಟೆಯ ಕೆಳಗೆ ಖರ್ಚು ಮಾಡಬೇಕೋ, ಮೇಲಕ್ಕೆ ಹತ್ತಿ ಹೋಗಬೇಕೋ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ. ನಾವು ಹತ್ತಿದೆವು. ಕೈಯಲ್ಲಿ ಮೊದಲು ಏನಾದರೂ ದಾಖಲೆ ಬೇಕಿತ್ತು. ಕಟ್ಟೆಯ ಪಕ್ಕದಲ್ಲಿ ಅಡಿ, ಇಂಚು ಗುರುತು ಹಾಕಿದ ಒಂದು ಕಂಬ ನೆಟ್ಟೆವು. ನೀರು ಎಷ್ಟು ಕದಡಿದೆ ಎಂದು ನೋಡುವ ಕೊಳವೆ, ನೀರಿನ ಹುಳಿ ತೋರಿಸುವ ಪಿಎಚ್ ಪಟ್ಟಿ ತಂದೆವು. ಮಳೆ ಅಳೆಯಲು ಏನೂ ಕೊಳ್ಳಬೇಕಾಗಲಿಲ್ಲ. ಕೊಡಗಿನಲ್ಲಿ ತೋಟ ಇರುವವರ ಮನೆಯಲ್ಲಿ ಮಳೆ ಮಾಪಕ ಇದ್ದೇ ಇರುತ್ತದೆ, ನಿನ್ನೆ ಎಷ್ಟು ಇಂಚು ಬಿತ್ತು ಎಂಬುದು ಬೆಳಗಿನ ಮೊದಲ ಮಾತು. ಒಂದು ತೋಟದ ರೈಟರ್ ದಿನಾ ಫೋನಿನಲ್ಲಿ ಹೇಳುತ್ತಿದ್ದರು. ವಾಟರ್‌ಮ್ಯಾನ್ ಅಣ್ಣ ಒಂದು ಉದ್ದ ಬೈಂಡ್ ಪುಸ್ತಕದಲ್ಲಿ ಬರೆದರು: ನೀರಿನ ಮಟ್ಟ, ಕದಡು, ಪಿಎಚ್, ವಾಸನೆ, ಮಳೆ. ಕೊನೆಯ ಕಾಲಂನಲ್ಲಿ ಅವರ ಸ್ವಂತ ಟಿಪ್ಪಣಿ. "ಇವತ್ತು ಏಡಿ ದಡಕ್ಕೆ ಬಂದಿದೆ" ಎಂದು ಒಂದು ದಿನ ಬರೆದಿದ್ದರು. ಉಸಿರಾಡಲು ಆಗದೆ ಏಡಿಗಳು ನೀರಿನಿಂದ ಎದ್ದು ಬಂದಿದ್ದವು. ಪಿಎಚ್ ಪಟ್ಟಿಗಿಂತ ಅದು ನನಗೆ ಹೆಚ್ಚು ಹೇಳಿತು.

ವರ್ಷ ಮುಗಿಯುವಾಗ ಪುಸ್ತಕದಲ್ಲಿ ಮೂರು ಕಾಲಗಳು ಎದ್ದು ಕಂಡವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಲ್ಪರ್. ಫೆಬ್ರವರಿಯಿಂದ, ಕಾಫಿ ಹೂವರಳಿಸುವ ಹೂಮಳೆ ಬೀಳುವವರೆಗೆ ಮಟ್ಟದ ಕುಸಿತ. ಮೂರಕ್ಕೂ ಕಾರಣ ಬೇರೆ, ಮಾತಾಡಬೇಕಾದ ಜನರೂ ಬೇರೆ.

ಎರಡು ಬಾಟಲಿ

ಕೊಲ್ಲಿಯ ತಲೆಯಲ್ಲಿ ಒಂದು ದೇವರಕಾಡು. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ದೇವರಕಾಡುಗಳು 1,214. ಅವುಗಳಲ್ಲಿ ನಮ್ಮದು ಚಿಕ್ಕದೇ, ಆದರೆ ಒರತೆ ಹುಟ್ಟುವುದು ಅಲ್ಲಿ. ಅದರ ಕೆಳಗೆ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ನೆಲ), ಕಾಫಿ ತೋಟ, ಕೂಲಿಯಾಳುಗಳ ಲೈನ್ ಮನೆಗಳು. ತಗ್ಗಿನಲ್ಲಿ ಗದ್ದೆ, ಅರ್ಧ ಪಾಳು, ಒಂದೆರಡು ಶುಂಠಿಗೆ ಗುತ್ತಿಗೆ ಹೋದವು. ಇಡೀ ದಾರಿಯಲ್ಲಿ ಪಂಚಾಯಿತಿಗೆ ಸೇರಿದ ನೆಲ ನಮ್ಮ ಕಟ್ಟೆ ನಿಂತ ಜಾಗವಷ್ಟೆ. ಬೇಲಿ ಹಾಕಿ ಕಾಯುತ್ತೇವೆ ಎನ್ನಲು ನಮ್ಮದೆಂಬುದೇ ಇರಲಿಲ್ಲ.

ಕಾನೂನು ಇತ್ತು. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ತೊರೆಗೆ ಮಲಿನ ಬಿಡುವುದನ್ನು ನಿಷೇಧಿಸುತ್ತದೆ. ನೇರ ದೂರು ಕೊಡಬಹುದಿತ್ತು. ನಾವು ಮೊದಲು ಮನೆಗೆ ಹೋದೆವು. ಎರಡು ಬಾಟಲಿ ತುಂಬಿಕೊಂಡು ಹೋದೆವು, ಒಂದು ಆ ತೋಟದ ಮೇಲಿನ ನೀರು, ಇನ್ನೊಂದು ತೋಟ ದಾಟಿದ ಮೇಲಿನದು.

ಮನೆಯ ಹಿರಿಯರು ಜಗಲಿಯಲ್ಲಿ ಕೂತಿದ್ದರು. "ಬನ್ನಿ, ಕೂತ್ಕೊಳ್ಳಿ. ಮೊದಲು ಕಾಫಿ, ಆಮೇಲೆ ಮಾತು" ಎಂದರು. ಕಾಫಿ ಮುಗಿದ ಮೇಲೆ ವಾಟರ್‌ಮ್ಯಾನ್ ಅಣ್ಣ ಬಾಟಲಿಗಳನ್ನು ಜಗಲಿಯ ಅಂಚಿನ ಮೇಲಿಟ್ಟರು. "ಸಾವ್ಕಾರ್ರೇ, ಇದು ನಿಮ್ಮ ಬೇಲಿ ಮೇಲಿಂದು, ಇದು ಕೆಳಗಿಂದು." ಎರಡನೆಯದು ಚಹಾ ಬಣ್ಣಕ್ಕಿತ್ತು. ಹಿರಿಯರು ಮುಚ್ಚಳ ತೆಗೆದು ಮೂಸಿದರು, ಸುಮಾರು ಹೊತ್ತು ಮಾತಾಡಲಿಲ್ಲ. "ನಮ್ಮ ತಾತನ ಕಾಲದಿಂದ ಹೀಗೇ ಬಿಡೋದು. ಗುಂಡಿ ಇದೆಯಲ್ಲ, ಅದು ತುಂಬಿದರೆ ಹರಿಯುತ್ತೆ." ಆಮೇಲೆ ತಾವೇ ಎದ್ದು, "ನಡೀರಿ, ನೋಡೋಣ" ಎಂದು ಕೋಲು ತೆಗೆದುಕೊಂಡರು.

ಗುಂಡಿ ಇತ್ತು. ತಳಕ್ಕೆ ಏನೂ ಹಾಸಿರಲಿಲ್ಲ, ಹಿಂದಿನ ವರ್ಷದ ಸಿಪ್ಪೆ ಅರ್ಧ ತುಂಬಿಕೊಂಡಿತ್ತು. ಹಣ್ಣು ಹೆಚ್ಚು ಬಂದ ರಾತ್ರಿ ಮೇಲೆ ಉಕ್ಕಿ ಕೊಲ್ಲಿಗೆ ಇಳಿಯುತ್ತಿತ್ತು. ಅವರು ಮಾಡಿದ್ದು ದೊಡ್ಡ ಕೆಲಸವೇನಲ್ಲ: ಗುಂಡಿ ಬರಿದು ಮಾಡಿ ಸಿಪ್ಪೆಯನ್ನು ಗೊಬ್ಬರಕ್ಕೆ ಹಾಕಿದರು, ಪಕ್ಕದಲ್ಲಿ ತಾಡಪಾಲು ಹಾಸಿದ ಇನ್ನೊಂದು ಗುಂಡಿ ತೆಗೆದರು, ಸುಣ್ಣ ಕಲಸಿ ಹುಳಿ ಇಳಿಸಿದರು, ಸಿಪ್ಪೆ ತಳ್ಳಲು ಹೊಸ ನೀರಿನ ಬದಲು ಅದೇ ನೀರನ್ನು ತಿರುಗಿಸಿದರು. ಎರಡು ವರ್ಷದ ನಂತರ ನೀರು ಕಡಿಮೆ ಬೇಡುವ ಇಕೋ ಪಲ್ಪರ್ ತಂದರು. ಅದು ನಮಗಾಗಿ ಅಲ್ಲ, ಕೂಲಿಯಾಳು ಸಿಗದ್ದಕ್ಕೆ. ಆದರೂ ಕೊಲ್ಲಿಗೆ ಒಳ್ಳೆಯದೇ ಆಯಿತು. ನಾವು ಕೇಳಿದ್ದು ಇನ್ನೊಂದಿತ್ತು: ಗುಂಡಿ ತುಂಬುವ ಲಕ್ಷಣ ಕಂಡರೆ ಒಂದು ಫೋನ್ ಮಾಡಿ. ಅಣ್ಣ ಕಟ್ಟೆಯ ವಾಲ್ವ್ ಮುಚ್ಚಿ ಟ್ಯಾಂಕಿನಲ್ಲಿದ್ದ ನೀರಿನಲ್ಲಿ ಆ ದಿನ ಸುಧಾರಿಸುತ್ತಿದ್ದರು.

ಇನ್ನೊಂದು ತೋಟದಲ್ಲಿ ಈ ದಾರಿ ಸಾಗಲಿಲ್ಲ. ಮಾಲೀಕರು ಊರಲ್ಲಿರಲಿಲ್ಲ, ಹಣ್ಣು ಗುತ್ತಿಗೆದಾರರದ್ದು. ಬಾಟಲಿ ತೋರಿಸಿದರೆ ಗೇಟ್ ತೆಗೆಯಲಿಲ್ಲ. ಪುಸ್ತಕದ ಪುಟಗಳ ನಕಲು ಸೇರಿಸಿ ದೂರು ಕೊಟ್ಟೆವು. ನೋಟಿಸ್ ಹೋಯಿತು, ಹಗಲು ಬಿಡುವುದು ನಿಂತಿತು, ರಾತ್ರಿ ಶುರುವಾಯಿತು. ಆ ಆರು ವಾರ ಅಣ್ಣ ರಾತ್ರಿ ಒಂಬತ್ತಕ್ಕೆ ವಾಲ್ವ್ ಮುಚ್ಚಿ ಬೆಳಿಗ್ಗೆ ವಾಸನೆ ನೋಡಿ ತೆಗೆಯುತ್ತಿದ್ದರು. ಇದು ಮೂಲ ಕಾಯುವುದಲ್ಲ, ಮೈ ತಪ್ಪಿಸಿಕೊಳ್ಳುವುದು. ಆದರೆ ಕಾಯುವ ಕೆಲಸ ಕೈಗೂಡದ ದಿನ ನೀರು ಕೊಡುವವರಿಗೆ ತಪ್ಪಿಸಿಕೊಳ್ಳುವುದೂ ಗೊತ್ತಿರಬೇಕು.

ಎರಡು ಬೀರು

ಲೆಕ್ಕ ಇಡಲು ಶುರುಮಾಡಿದ ಎರಡನೇ ಮಳೆಗಾಲವೇ 2018. ಆ ಆಗಸ್ಟ್ ಬಗ್ಗೆ ಕೊಡಗಿನವರಿಗೆ ಹೇಳಬೇಕಾದ್ದಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಮ್ಮೆತ್ತಾಳು, ಜೋಡುಪಾಲ ಕಡೆ ಬೆಟ್ಟಗಳೇ ಜಾರಿದವು. ನಮ್ಮ ಕೊಲ್ಲಿಯಲ್ಲಿ ಅಂಥದ್ದು ಆಗಲಿಲ್ಲ, ಆದರೆ ಹೋಂಸ್ಟೇ ಒಂದಕ್ಕೆ ಜೆಸಿಬಿಯಲ್ಲಿ ಕಡಿದ ಹೊಸ ದಾರಿಯ ಅಂಚು ಕುಸಿದು ಬಂದು ಕಟ್ಟೆ ಮಣ್ಣಿನಿಂದ ತುಂಬಿತು. ಕದಡು ಅಳೆಯುವ ಕೊಳವೆಯಲ್ಲಿ ತಳದ ಗುರುತು ಒಂದು ಬೆರಳು ನೀರಿಗೂ ಕಾಣಲಿಲ್ಲ. ಕುಡಿಯುವ ನೀರಿನ ಮಾನದಂಡದಲ್ಲಿ ಕದಡು 1 ಎನ್‌ಟಿಯು (ಕದಡು ಅಳೆಯುವ ಮಾನ) ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು. ವಾರಗಟ್ಟಲೆ ಟ್ಯಾಂಕರ್ ನೀರು ಕೊಟ್ಟೆವು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಆ ವರ್ಷ ಜಿಲ್ಲೆ ಸುತ್ತಿ, ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದೂ ಕಾರಣವೆಂದರು. ನಾನು ಕಚೇರಿಗೆ ಬಂದು ಆ ಹೋಂಸ್ಟೇ ಕಡತ ತೆಗೆಸಿದೆ. ಕಟ್ಟಡದ ಪರವಾನಗಿ ಕೊಟ್ಟದ್ದು ನಮ್ಮದೇ ಪಂಚಾಯಿತಿ. ಎಲ್ಲ ದಾಖಲೆಯೂ ಕ್ರಮಬದ್ಧ. ಆ ಜಾಗದ ನೀರು ಎತ್ತ ಹರಿಯುತ್ತದೆ, ಅದರ ಕೆಳಗೆ ಊರಿಗೆಲ್ಲ ನೀರು ಕೊಡುವ ಕಟ್ಟೆ ಇದೆ ಎಂಬುದನ್ನು ಕೇಳುವ ಒಂದು ಸಾಲು ಇಡೀ ಕಡತದಲ್ಲಿ ಇರಲಿಲ್ಲ. ಪರವಾನಗಿ ಕಡತದ ಬೀರು ಒಂದು ಗೋಡೆಗೆ, ನೀರಿನ ಕಡತದ ಬೀರು ಎದುರು ಗೋಡೆಗೆ. ನಡುವೆ ನನ್ನ ಮೇಜು. ಇದು ನನ್ನ ಮನಸ್ಸನ್ನು ಬಹಳ ಕಾಡಿತು. ನಮ್ಮ ಜಲಾನಯನಕ್ಕೆ ನಮ್ಮ ಅಧಿಕಾರವಿಲ್ಲ ಎಂದು ಹೇಳುತ್ತಲೇ ಅಲ್ಲಿಯ ಕಟ್ಟಡಗಳಿಗೆಲ್ಲ ಸಹಿ ಹಾಕುತ್ತ ಬಂದವರು ನಾವೇ.

ಗ್ರಾಮ ಲೆಕ್ಕಿಗರು, ವಾಟರ್‌ಮ್ಯಾನ್ ಅಣ್ಣ, ನಾನು ಎರಡು ಸಂಜೆ ಗ್ರಾಮ ನಕಾಶೆ ಹರಡಿಕೊಂಡು ಕೂತೆವು. ಯಾವ ಸರ್ವೆ ನಂಬರಿನ ಮೇಲೆ ಬಿದ್ದ ಮಳೆ ನಮ್ಮ ಕೊಲ್ಲಿಗೆ ಇಳಿಯುತ್ತದೆ ಎಂದು ಅಣ್ಣ ಬೆರಳಿಟ್ಟು ಹೇಳಿದರು, ಲೆಕ್ಕಿಗರು ನೀಲಿ ಪೆನ್ಸಿಲಿನಲ್ಲಿ ಬಳಿದರು. ಒಂದೇ ನಂಬರಿನ ಅರ್ಧ ಇತ್ತ, ಅರ್ಧ ಅತ್ತ ಬೀಳುವುದೂ ಇತ್ತು. ಆ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದಿಟ್ಟು ಠರಾವು ಮಾಡಿದೆವು. ನೀಲಿ ನಂಬರಿನಲ್ಲಿ ಏನೇ ಕಟ್ಟುವುದಾದರೂ ನೀರಿನ ವಿಭಾಗದ ಟಿಪ್ಪಣಿ ಇಲ್ಲದೆ ಪರವಾನಗಿ ಇಲ್ಲ. ದಾರಿ ಕಡಿದರೆ ಚರಂಡಿ ನೀರು ಎಲ್ಲಿಗೆ ಬಿಡುತ್ತಾರೆ, ಇಂಗುಗುಂಡಿ ಕೊಲ್ಲಿಯಿಂದ ಎಷ್ಟು ದೂರ, ತೆಗೆದ ಮಣ್ಣು ಎಲ್ಲಿ ರಾಶಿ ಬೀಳುತ್ತದೆ ಎಂಬುದು ಅದರಲ್ಲಿ ಇರಬೇಕು. ಖರ್ಚು ಒಂದು ನೀಲಿ ಪೆನ್ಸಿಲ್. ನಾವು ಮಾಡಿದ್ದರಲ್ಲಿ ಹೆಚ್ಚು ಬಾಳಿದ್ದು ಇದೇ.

ಒಂದಿಂಚಿನ ಲೆಕ್ಕ

ರೊಬಸ್ಟಾ ಗಿಡಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಇಟ್ಟು ಒಂದಿಂಚು, ಒಂದೂವರೆ ಇಂಚು ನೀರು ಕೊಡುತ್ತಾರೆ. ಕೊಡದಿದ್ದರೆ ಮುಂದಿನ ವರ್ಷದ ಫಸಲೇ ಹೋಯಿತು. ಒಂದು ಎಕರೆಗೆ ಒಂದಿಂಚು ಎಂದರೆ ಸುಮಾರು 1 ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ ಹಿಡಿದರೆ ಅದು 1,800ಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಕೊಲ್ಲಿ ಅತ್ಯಂತ ಬಡವಾದ ತಿಂಗಳಲ್ಲೇ ಮೇಲೆ ಎಲ್ಲರ ಪಂಪ್ ಒಟ್ಟಿಗೆ ಓಡುತ್ತವೆ.

ಬೆಳೆಗಾರರ ಸಭೆ ಕರೆದು ಈ ಲೆಕ್ಕ ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಮೇಡಂ, ಲೆಕ್ಕ ಸರಿ. ಬಸ್ ಸ್ಟ್ಯಾಂಡ್ ಹತ್ತಿರ ನಿಮ್ಮ ಪೈಪ್ ಒಂದು ವರ್ಷದಿಂದ ಸೋರ್ತಾ ಇದೆಯಲ್ಲ, ಅದನ್ನ ಯಾವ ಲೆಕ್ಕಕ್ಕೆ ಹಾಕಿದ್ರಿ?"

ಅವರ ಮಾತು ನಿಜವಾಗಿತ್ತು. ನಾವು ಸಭೆ ಮುಂದಕ್ಕೆ ಹಾಕಿದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿಗೆ ಬರುವ ನೀರು ಮುಚ್ಚಿ, ಬೆಳಗಿನ ಜಾವದವರೆಗೆ ಮಟ್ಟ ಎಷ್ಟು ಇಳಿಯಿತೆಂದು ನೋಡಿದೆವು. ಯಾರೂ ನೀರು ಹಿಡಿಯದ ಹೊತ್ತಿನಲ್ಲಿ ಇಳಿದದ್ದೆಲ್ಲ ಸೋರಿಕೆ. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತ ಜಾಗ ಹುಡುಕಿ ಜಾಯಿಂಟ್ ಸರಿಮಾಡಿಸಿದೆವು. ಬಸ್ ಸ್ಟ್ಯಾಂಡ್ ಪೈಪ್ ಮೊದಲು. ನಂತರ ಕರೆದ ಸಭೆಗೆ ಬಂದವರು ಹೆಚ್ಚು, ಮಾತೂ ಮೆತ್ತಗಿತ್ತು. ಸರದಿ ಒಪ್ಪಿದರು. ಕಟ್ಟೆಯ ಮೇಲಿನ ಪಂಪುಗಳು ದಿನಕ್ಕೆ ಇಷ್ಟೇ ಓಡಬೇಕು, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾರದೂ ಓಡಬಾರದು, ಆ ಹೊತ್ತು ಊರಿನ ಟ್ಯಾಂಕ್ ತುಂಬಲಿ. ಕಂಬದ ಮೇಲಿನ ಗುರುತನ್ನು ಅಣ್ಣ ದಿನಾ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದರು. ಮೂರು ಮನೆಯವರು ತಮ್ಮ ಹಳೆಯ ಕೆರೆಗಳ ಹೂಳು ತೆಗೆಸಿ ಮಳೆಗಾಲದ ನೀರನ್ನೇ ಹಿಡಿದಿಟ್ಟುಕೊಂಡರು.

ಕೆಳಗಿನವರ ಪಾಲು

ಪಾಳು ಬಿದ್ದ ಗದ್ದೆಗಳ ವಿಷಯದಲ್ಲಿ ನಾವು ಸೋತೆವು. ನೀರು ನಿಂತ ಗದ್ದೆ ತಗ್ಗಿನ ನೆಲಕ್ಕೆ ನೀರು ಇಂಗಿಸುತ್ತದೆ, ಮೇಲಿಂದ ಬಂದ ಮಣ್ಣನ್ನು ತನ್ನ ಏರಿಯೊಳಗೆ ತಡೆದಿಟ್ಟುಕೊಳ್ಳುತ್ತದೆ. ಭತ್ತ ಬೆಳೆದವರಿಗೆ ಮಾತ್ರ ಕೈಗೆ ಏನೂ ಹತ್ತುವುದಿಲ್ಲ. ನಾಟಿಗೆ ಆಳಿಲ್ಲ, ಕಟಾವಿಗೆ ಆನೆ ಬರುತ್ತದೆ. ಗದ್ದೆ ಮಾಡಿದವರಿಗೆ ನೀರಿನ ಕರದಿಂದ ಸ್ವಲ್ಪ ಕೊಡೋಣವೆಂದು ಸಭೆಯಲ್ಲಿ ಇಟ್ಟೆ. ನಮ್ಮ ಕರ ವಸೂಲಿ ಬ್ಲೀಚಿಂಗ್ ಪೌಡರಿಗೂ ಸಾಲುತ್ತಿರಲಿಲ್ಲ.

ದೊಡ್ಡ ಊರುಗಳಿಗೆ ಇದು ಸಾಧ್ಯ. ನ್ಯೂಯಾರ್ಕ್ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟದ ಊರುಗಳ ಜೊತೆ ಒಪ್ಪಂದ ಮಾಡಿಕೊಂಡು, ಸಾವಿರಾರು ಕೋಟಿಯ ಶೋಧನಾ ಘಟಕದ ಬದಲು ಅಲ್ಲಿನ ರೈತರ ಕೊಟ್ಟಿಗೆ, ಶೌಚಗುಂಡಿ, ತೊರೆಯ ದಂಡೆಗೆ ದುಡ್ಡು ಹಾಕಿತು. ಈಕ್ವೆಡಾರ್‌ನ ಕೀಟೊ ನಗರದ ಜಲಸಂಸ್ಥೆ 2000ದಿಂದ ತನ್ನ ವರಮಾನದ ಒಂದು ಪಾಲನ್ನು ನೀರಿನ ಮೂಲಕ್ಕೆಂದೇ ತೆಗೆದಿಡುತ್ತಿದೆ. ನಮ್ಮಲ್ಲಿ ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಏರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಸೇರಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಏರ್ಪಾಡಾಯಿತು. ಮುಂದಿನ ತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಪಶ್ಚಿಮ ಘಟ್ಟದ ನದಿಗಳ ನೀರು ಕುಡಿಯುವ ಊರುಗಳ ನೀರಿನ ಬಿಲ್ಲಿನಲ್ಲಿ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕಲು ಪ್ರಸ್ತಾವ ಕೊಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಅಂಥ ದುಡ್ಡು ಬಂದರೆ ಬೇಲಿ, ಫಲಕಕ್ಕಿಂತ ಮೊದಲು ಗದ್ದೆ ಮಾಡುವವರ ಕೈಗೆ ಹೋಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೈನ್ ಮನೆಗಳ ಶೌಚಗುಂಡಿ ಎರಡು ಇಂದಿಗೂ ಕೊಲ್ಲಿಯ ಪಕ್ಕದಲ್ಲೇ ಇವೆ. ಜಲಜೀವನ ಮಿಷನ್‌ನ ಪರೀಕ್ಷಾ ಕಿಟ್ ಬಂದ ಮೇಲೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅಲ್ಲಿನ ನೀರನ್ನು ನೋಡುತ್ತಾರೆ, ಕಿಟ್‌ನ ಬಾಟಲಿ ಕಪ್ಪಾದರೆ ನೀರಿಗೆ ಮಲದ ಸೋಂಕು ತಗುಲಿದೆ ಎಂದು ಅಣ್ಣನಿಗೆ ಹೇಳುತ್ತಾರೆ. ದಂಡೆಗೆ ನೆಟ್ಟ ಬಿದಿರನ್ನು ದನ ಮೇಯ್ದವು. ಕೊಲ್ಲಿಯ ಮೇಲಂಚು ಪಕ್ಕದ ಪಂಚಾಯಿತಿಗೆ ಸೇರಿದ್ದು, ನಮ್ಮ ನೀಲಿ ಪೆನ್ಸಿಲ್ ಅಲ್ಲಿಗೆ ನಡೆಯುವುದಿಲ್ಲ.

ನನಗೆ ವರ್ಗವಾಗಿ ವರ್ಷಗಳಾದವು. ಕಳೆದ ಹುತ್ತರಿಗೆ ಆ ಕಡೆ ಹೋದಾಗ ಕಟ್ಟೆಯ ಹತ್ತಿರ ಇಳಿದೆ. ಪುಸ್ತಕ ಏಳನೆಯದಕ್ಕೆ ಬಂದಿತ್ತು. ಎರಡು ಬಾಟಲಿ ನೋಡಿ ಕೋಲು ಹಿಡಿದು ಎದ್ದ ಹಿರಿಯರು ತೀರಿಕೊಂಡಿದ್ದಾರೆ, ತೋಟ ಮಾರಾಟವಾಗಿದೆ. ಕೊಂಡವರು ಹೊರಗಿನವರು. ಫೋನ್ ಮಾಡುವ ಆ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಡಿಸೆಂಬರ್‌ನ ಹಣ್ಣು ಕೆಂಪಾಗಿ ನಿಂತಿತ್ತು. "ನಾಳೆ ಬೆಳಿಗ್ಗೆ ಹೋಗ್ತೀನಿ ಮೇಡಂ" ಎಂದರು ಅಣ್ಣ. ಶೆಡ್ಡಿನ ಕಿಟಕಿಯ ಮೇಲೆ ತೊಳೆದು ಬೋರಲು ಹಾಕಿದ ಎರಡು ಬಾಟಲಿಗಳಿದ್ದವು.